ಹೂವಿನ ಅಚ್ಚಿನ ಮಹಾಸಮರದಲ್ಲಿ ಪ್ರಿಸ್ಕಿಲ್ಲಾಬಾಯಿ ಹೃದಯದುರ್ಗವನ್ನು ಕಾಯ್ದದ್ದು

ಯಾವ ಯುಗದಲ್ಲಿ ಮನೆಮನೆಯ ಅಡುಗೆಕೋಣೆಗಳಲ್ಲಿ ಮಿಕ್ಸರುಗಳು ಸಿಂಹನಾದಗೈಯುತ್ತಿದ್ದವೋ, ಯಾವ ಯುಗದಲ್ಲಿ ಡಿಸೆಂಬರ್ ಮಾಸವು ಪಾದಾರ್ಪಣೆ ಮಾಡಿದೊಡನೆಯೇ ಶೇಂಗಾ ಎಣ್ಣೆಯ ಧೂಮಪಟಲವು ಗಗನಮಂಡಲವನ್ನು ಮುಸುಕಿ ಬೆಕ್ಕುಗಳಿಗೆ ದಿಕ್ಕು ತಪ್ಪಿಸುತ್ತಿತ್ತೋ, ಆ ಪುಣ್ಯಯುಗದಲ್ಲಿ, ಧಾರವಾಡದ ಆಚೆಗಿನ ಎರೆನೆಲದ ನಟ್ಟನಡುವೆ, ಹದಿನಾಲ್ಕು ಹೆಂಚಿನ ಮನೆಗಳೂ ಒಂದು ಕಲ್ಲಿನ ದೇವಾಲಯವೂ ಎಲ್ಲರಿಗೂ ಸೇರಿ ಒಂದೇ ನಲ್ಲಿಯೂ ಉಳ್ಳ ಮಿಷನ್ ಕಂಪೌಂಡ್ ಎಂಬ ಮಹಾಸಂಸ್ಥಾನವಿತ್ತು. ಅಲ್ಲಿ ಆರನೆಯ ಮನೆಯಲ್ಲಿ ವಾಸವಾಗಿದ್ದಳು ನಮ್ಮ ವೀರಾಗ್ರಣಿ. ಸಂಡೇಸ್ಕೂಲ್-ಸಿಂಹಾಸನಾಧೀಶ್ವರಿ, ಕಂಠಪಾಠ-ವಚನ-ಪರೀಕ್ಷಣ-ಪ್ರಚಂಡೆ, ಗಾಯನವೃಂದ-ದ್ವಿತೀಯಪಂಕ್ತಿ-ಭೂಷಣೆ, ನಿವೃತ್ತ ಕಂಪೌಂಡರ್ ಸೀಲಪ್ಪನವರ ಧರ್ಮಪತ್ನಿ ಪ್ರಿಸ್ಕಿಲ್ಲಾಬಾಯಿ. ಸ್ವರ್ಗದ ದೂತಗಣವೇ, ಒಂದು ಗಳಿಗೆ ನಿಮ್ಮ ತುತ್ತೂರಿಗಳನ್ನು ಕೆಳಗಿಟ್ಟು ಈ ಬಡ ಕಥಕನ ನಾಲಿಗೆಗೆ ಬಲ ಕೊಡಿ. ಆಕೆ ಐದು ಹಗಲು ತನ್ನ ಹೃದಯದುರ್ಗವನ್ನು ಕಾಯ್ದ ಪರಿಯನ್ನು ಹೇಳಬೇಕಾಗಿದೆ, ಕೆಲಸ ಸಣ್ಣದಲ್ಲ.

ದುರ್ಗವನ್ನು ಕಾಯಬೇಕಾದ ಕಾರಣವೂ ಸಣ್ಣದಲ್ಲ. ಐದು ಊರಿನ ಸಭೆಗಳಿಗೆ ಒಬ್ಬರೇ ಪಾದ್ರಿ ಅಯ್ಯನವರಾದ್ದರಿಂದ ಈ ದೇವಾಲಯದಲ್ಲಿ, ಮೇಜಿನ ಮುಂದೆ ಮೊಣಕಾಲೂರಿ ರೊಟ್ಟಿಯ ಚೂರನ್ನೂ ದ್ರಾಕ್ಷಾರಸವನ್ನೂ ಪಡೆಯುವ ಕರ್ತನ ಭೋಜನದ ಸಂಸ್ಕಾರ ಎರಡು ತಿಂಗಳಿಗೊಮ್ಮೆ ಮಾತ್ರ ನಡೆಯುತ್ತಿತ್ತು. ಬರುವ ರವಿವಾರವೇ ಆ ದಿನ. ಯಾರ ಮೇಲಾದರೂ ಮುನಿಸು ಇಟ್ಟುಕೊಂಡು ಆ ರೊಟ್ಟಿಗೆ ಕೈ ಚಾಚಬಾರದೆಂಬುದನ್ನು ಪ್ರಿಸ್ಕಿಲ್ಲಾಬಾಯಿ ಇಪ್ಪತ್ತಾರು ವರ್ಷಗಳಿಂದ ಮಕ್ಕಳಿಗೆ ಕಲಿಸುತ್ತ ಬಂದವಳು, ತಾನೂ ನಂಬಿದವಳು. ಅಷ್ಟು ವರ್ಷಗಳಲ್ಲಿ ಒಮ್ಮೆಯೂ ಆಕೆ ಮೇಜಿನ ಮುಂದೆ ಮೊಣಕಾಲೂರದೆ ಬೆಂಚಿನಲ್ಲೇ ಉಳಿದದ್ದಿಲ್ಲ. ಈ ಸಲ ಉಳಿದರೆ ಇಡೀ ಸಭೆ ನೋಡುತ್ತದೆ ಎಂಬ ಸಂಕಟ ಒಂದು ಕಡೆಗಿರಲಿ. ಆ ರೊಟ್ಟಿಯ ಚೂರಿಲ್ಲದೆ ಆಕೆಗೆ ಕ್ರಿಸ್‌ಮಸ್ಸೇ ಬರುತ್ತಿರಲಿಲ್ಲ.

ಸಮರದ ಮೂಲವೋ, ಕ್ರಿಸ್‌ಮಸ್ಸಿಗೆ ಕರಿಯುವ ಹೂವಿನ ತಿಂಡಿಯ ಒಂದು ಕಬ್ಬಿಣದ ಅಚ್ಚು. ಉದ್ದನೆಯ ಹಿಡಿಕೆಯ ತುದಿಗೆ ಅರಳಿದ ಗುಲಾಬಿ. ಕಾಯಿಸಿ, ಹಿಟ್ಟಿನಲ್ಲಿ ಅದ್ದಿ, ಕುದಿಯುವ ಎಣ್ಣೆಗೆ ಇಳಿಸಿದರೆ ಗರಿಗರಿಯಾದ ಹೂವೊಂದು ತಾನಾಗಿ ಕಳಚಿ ತೇಲಬೇಕು. ಹಾಗೆ ಕಳಚಬೇಕಾದರೆ ಅಚ್ಚು ವರ್ಷಾನುವರ್ಷ ಎಣ್ಣೆ ಕುಡಿದು ಕಪ್ಪಾಗಿರಬೇಕು. ಸೋಪು, ಬೂದಿ ಅದರ ಹತ್ತಿರ ಸುಳಿಯಬಾರದು, ಬರೀ ಬಟ್ಟೆಯಿಂದ ಒರೆಸಿ ಎತ್ತಿಡಬೇಕು. ಪ್ರಿಸ್ಕಿಲ್ಲಾಬಾಯಿಯ ಅಚ್ಚು ಆಕೆಯ ಅಜ್ಜಿಯ ತಾಯಿಯ ಕಾಲದಿಂದ ಎಣ್ಣೆ ಕುಡಿಯುತ್ತ ಬಂದು ಅಮಾವಾಸ್ಯೆಗಿಂತ ಕಪ್ಪಾಗಿತ್ತು. ಇಂಥ ಕುಲಪರಂಪರಾಗತ ದಿವ್ಯಾಯುಧವನ್ನು ಏಳನೆಯ ಮನೆಯ ಯೂನೀಕೆಬಾಯಿ ತನ್ನ ಮಗಳ ನಿಶ್ಚಿತಾರ್ಥಕ್ಕೆಂದು ಕೇಳಿ ಒಯ್ದಿದ್ದಳು. ಸೋಮವಾರ ಕಾಗದದಲ್ಲಿ ಸುತ್ತಿ ಮರಳಿ ತಂದು ಕಟ್ಟೆಯ ಮೇಲೆ ಇಟ್ಟು ಹೋದಳು. ಮಂಗಳವಾರ ಮುಂಜಾನೆ ನಮ್ಮ ವೀರಾಗ್ರಣಿ ಕಾಗದ ಬಿಚ್ಚಿ ನೋಡಿದಾಗ ಒಳಗೆ ಹೊಸ ನಾಣ್ಯದಂತೆ ಥಳಥಳಿಸುವ ಬೆಳ್ಳನೆಯ ಗುಲಾಬಿಯೊಂದು ಆಕೆಯನ್ನು ನೋಡಿ ಹಲ್ಲುಕಿರಿಯಿತು.

ಯೂನೀಕೆ ಅದನ್ನು ತಿಕ್ಕಿಬಿಟ್ಟಿದ್ದಳು. ನಾಲ್ಕು ತಲೆಮಾರಿನ ಎಣ್ಣೆಯನ್ನು ತಿಕ್ಕಿ ತೊಳೆದು ಮೋರಿಗೆ ಬಿಟ್ಟಿದ್ದಳು. ಆದರೂ ಆಸೆಯೆಂಬುದು ಕೆಟ್ಟದ್ದು ನೋಡಿ, ಪ್ರಿಸ್ಕಿಲ್ಲಾಬಾಯಿ ಹಿಟ್ಟು ಕಲಸಿದಳು, ಎಣ್ಣೆ ಕಾಯಿಸಿದಳು, ಅಚ್ಚು ಇಳಿಸಿದಳು. ಹೂವು ಕಳಚಲಿಲ್ಲ. ಅಲುಗಾಡಿಸಿದಳು, ಚಮಚೆಯಿಂದ ತಟ್ಟಿದಳು, ಕೊನೆಗೆ ಚಾಕುವಿನಿಂದ ಕೆರೆದಳು, ಬಂದದ್ದು ಪುಡಿ. ಆಗ, ಆ ಗಳಿಗೆಯಲ್ಲಿ, ಕ್ರೋಧವೆಂಬ ಸೇನಾಪತಿಯು ಸಮಸ್ತ ಚತುರಂಗ ಬಲದೊಂದಿಗೆ ಆಕೆಯ ಹೃದಯದುರ್ಗಕ್ಕೆ ಮುತ್ತಿಗೆ ಹಾಕಿದನು.

ಆದರೆ ನಮ್ಮ ನಾಯಕಿ ಸಾಮಾನ್ಯಳೇ? ಸೀಗೆಕಾಯಿ ಕುಟ್ಟುವಾಗಲೂ ಕೀರ್ತನೆ ಬಿಡದವಳು. ಒಲೆ ಆರಿಸಿ, ಸೆರಗು ಸಿಕ್ಕಿಸಿ, ದೇವರ ಮುಂದೆ ಪ್ರತಿಜ್ಞೆ ಮಾಡಿದಳು: ರವಿವಾರದ ತನಕ ಯೂನೀಕೆಯ ವಿರುದ್ಧ ಒಂದು ಮಾತನ್ನೂ ಆಡುವುದಿಲ್ಲ. ನಾಲಿಗೆಯೆಂಬ ಹೆಬ್ಬಾಗಿಲಿಗೆ ಅಗುಳಿ ಬಿತ್ತು.

ಬುಧವಾರ ನಲ್ಲಿಯ ಬಳಿ ಯೂನೀಕೆಬಾಯಿ ಎದುರಾದಳು. ಮಗಳ ನಿಶ್ಚಿತಾರ್ಥದಲ್ಲಿ ಬೀಗರು ಹೂವುಗಳನ್ನು ಹೊಗಳಿ ಹೊಗಳಿ ತಿಂದರೆಂದು ಬಣ್ಣಿಸಿದಳು. ಪ್ರಿಸ್ಕಿಲ್ಲಾಬಾಯಿ ಹಲ್ಲು ಕಚ್ಚಿ ನಕ್ಕಳು, ಕೊಡ ಎತ್ತಿಕೊಂಡು ಬಂದಳು. ಒಂದು ಮಾತಾಡಲಿಲ್ಲ. ಮನೆಗೆ ಬಂದು ಕೊಡ ಕುಕ್ಕಿದ ಸದ್ದಿಗೆ ಸೀಲಪ್ಪನವರ ಕೈಯ ಪೇಪರು ಜಾರಿತು. ಅಂದು ಸಂಜೆಯೇ ನೆನಪೆಂಬ ಗೂಢಚಾರನು ಹಿಂಬಾಗಿಲಿನಿಂದ ನುಗ್ಗಿ, ಒಂಬತ್ತು ವರ್ಷದ ಹಿಂದೆ ಇದೇ ಯೂನೀಕೆ ಆಕೆಯ ಕೊಡೆ ಒಯ್ದು ಕಡ್ಡಿ ಮುರಿದದ್ದನ್ನೂ, ಅದಕ್ಕೂ ಹಿಂದೆ ಸುಗ್ಗಿಯ ಆರಾಧನೆಯಲ್ಲಿ ಆಕೆಯ ಕುಂಬಳಕಾಯಿಯ ಮುಂದೆ ತನ್ನ ಕುಂಬಳಕಾಯಿ ಇಟ್ಟದ್ದನ್ನೂ ಸವಿಸ್ತಾರವಾಗಿ ನಿವೇದಿಸಿದನು. ಆದರೂ ಹೆಬ್ಬಾಗಿಲು ಮುರಿಯಲಿಲ್ಲ.

ಹೆಬ್ಬಾಗಿಲು ಮುರಿಯದಿದ್ದರೆ ಏನಂತೆ, ಕೋಟೆಗೆ ಪ್ರಾರ್ಥನೆಯೆಂಬ ಕಿಂಡಿಯೊಂದು ಇತ್ತು. ಗುರುವಾರ ಸ್ತ್ರೀಸಮಾಜದ ಕೂಟದಲ್ಲಿ ಮುಕ್ತ ಪ್ರಾರ್ಥನೆಯ ಸರದಿ ಬಂದಾಗ ಪ್ರಿಸ್ಕಿಲ್ಲಾಬಾಯಿ ಎದ್ದು ನಿಂತು, ಕಣ್ಣು ಮುಚ್ಚಿ, ಕಂಠವನ್ನು ತುಸು ನಡುಗಿಸಿ, ಪರರು ನಂಬಿ ಕೊಟ್ಟ ವಸ್ತುವಿನ ಬೆಲೆ ಅರಿಯದವರಿಗೆ ಬುದ್ಧಿ ಕೊಡು ತಂದೆಯೇ, ಹಿರಿಯರಿಂದ ಬಂದದ್ದನ್ನು ಕ್ಷಣದಲ್ಲಿ ಹಾಳುಮಾಡುವ ಕೈಗಳನ್ನು ಕನಿಕರಿಸು ತಂದೆಯೇ ಎಂದು ಬೇಡಿಕೊಂಡಳು. ಹೀಗೆ ಸ್ವರ್ಗದ ದಿಕ್ಕಿಗೆ ಬಿಟ್ಟಂತೆ ಕಂಡ ಆ ಬಾಣವು ಅರ್ಧದಲ್ಲಿ ತಿರುಗಿ ಮೂರನೆಯ ಸಾಲಿನ ಯೂನೀಕೆಬಾಯಿಯ ಎದೆಗೆ ನಾಟಬೇಕಾಗಿತ್ತು. ಆದದ್ದೇನು? ಇಡೀ ಕೂಟದಲ್ಲಿ ಎಲ್ಲರಿಗಿಂತ ಗಟ್ಟಿಯಾಗಿ ‘ಆಮೆನ್’ ಅಂದವಳು ಯೂನೀಕೆಬಾಯಿಯೇ.

ಅದು ಉರಿಯುವ ಬೆಂಕಿಗೆ ಎಣ್ಣೆ ಹೊಯ್ದಂತಾಯಿತು. ಎಂಥ ದಪ್ಪ ಚರ್ಮ ಇವಳದು ಎಂದು ಪ್ರಿಸ್ಕಿಲ್ಲಾಬಾಯಿ ಮನೆಯವರೆಗೂ ಮನಸ್ಸಿನೊಳಗೇ ಗೊಣಗಿದಳು. ಶುಕ್ರವಾರ ಸೀಲಪ್ಪನವರು, ಮೂವತ್ತು ವರ್ಷ ಔಷಧ ಅಳೆದು ಕೊಟ್ಟ ಮನುಷ್ಯ, ಇದಕ್ಕೂ ಒಂದು ಔಷಧ ಹೇಳಲು ಹೋದರು.

“ಪ್ಯಾಟ್ಯಾಗ ಹೊಸಾ ಅಚ್ಚು ಸಿಗತಾವ. ನಾಳೆ ಒಂದು ತರತೇನಿ ಬಿಡು,” ಅಂದರು ಚಹಾ ಹೀರುತ್ತ.

ಪ್ರಿಸ್ಕಿಲ್ಲಾಬಾಯಿ ಅವರನ್ನು ನೋಡಿದ ನೋಟಕ್ಕೆ ಚಹಾ ತಾನೇ ತಣ್ಣಗಾಯಿತು. ಸೀಲಪ್ಪನವರು ಚಹಾದ ಬಶಿಯನ್ನು ಮೆಲ್ಲಗೆ ಕೆಳಗಿಟ್ಟು ಟೊಮ್ಯಾಟೊ ಗಿಡಗಳಿಗೆ ನೀರು ಹಾಕಲು ಹೋದರು. ಗಿಡಗಳಿಗೆ ಆಗಲೇ ಒಮ್ಮೆ ನೀರು ಹಾಕಿಯಾಗಿತ್ತು.

ಶನಿವಾರ ಮಧ್ಯಾಹ್ನದ ಹೊತ್ತಿಗೆ ದುರ್ಗದೊಳಗಿನ ಸ್ಥಿತಿ ಹೇಳತೀರದು. ಸಂಸ್ಕಾರಕ್ಕೆ ಇನ್ನು ಒಂದೇ ರಾತ್ರಿ; ಒಳಗೆ ಮಾತ್ರ ಹೊಗೆ ತುಂಬಿದೆ. ಮುನಿಸು ಹೋಗು ಎಂದರೆ ಹೋಗುತ್ತಿಲ್ಲ. ಈ ಸಲ ಬೆಂಚಿನಲ್ಲೇ ಕೂರಬೇಕೇನೋ ಎಂದು ನೆನೆದಾಗ ಆಕೆಗೆ ನಿಜವಾಗಿಯೂ ಅಳು ಬಂತು. ಆಗ ಬೆಳ್ಳನೆಯ ನಿಲುವಂಗಿ ತೊಟ್ಟು, ಕೈಯಲ್ಲಿ ಸತ್ಯವೇದ ಹಿಡಿದು, ಮಧುರವಾಗಿ ಮುಗುಳ್ನಗುತ್ತ ಒಬ್ಬನು ಕೋಟೆಯ ಬಾಗಿಲಿಗೆ ಬಂದನು. ತನ್ನ ಹೆಸರು ಕ್ಷಮೆ ಎಂದನು. ಪ್ರಿಸ್ಕಿಲ್ಲಾಬಾಯಿ ಸಂತೋಷದಿಂದ ಬಾಗಿಲು ತೆರೆದಳು. ಅವನ ನಿಜನಾಮ ಅಹಂಕಾರವೆಂಬುದು ನಮಗೂ ನಿಮಗೂ ಗೊತ್ತು. ಆ ಬಡಪಾಯಿಗೆ ಹೇಗೆ ಗೊತ್ತಾಗಬೇಕು? ಅವನು ಆಕೆಯ ಕಿವಿಯಲ್ಲಿ ಹೇಳಿದ್ದಿಷ್ಟೇ: ಹೋಗು, ಅವಳ ಮನೆಗೆ ಹೋಗಿ, ಎದುರಿಗೆ ನಿಂತು, ಅವಳನ್ನು ಕ್ಷಮಿಸಿಬಿಡು.

ಒಗೆದಿಟ್ಟ ಇಳಕಲ್ ಸೀರೆ ಉಟ್ಟು, ಹೊಳೆಯುವ ಅಚ್ಚನ್ನು ಖಡ್ಗದಂತೆ ಹಿಡಿದು, ಆರನೆಯ ಮನೆಯಿಂದ ಏಳನೆಯ ಮನೆಗೆ ಹನ್ನೊಂದು ಹೆಜ್ಜೆಗಳ ದಂಡಯಾತ್ರೆ ಹೊರಟಳು ಪ್ರಿಸ್ಕಿಲ್ಲಾಬಾಯಿ. ಹೆಜ್ಜೆಹೆಜ್ಜೆಗೂ ಮನಸ್ಸಿನಲ್ಲಿ ಸತ್ಯವೇದದ ಕನ್ನಡದಲ್ಲಿ ಭಾಷಣ ಸಿದ್ಧವಾಗುತ್ತಿತ್ತು: ‘ಎಲೌ ಸಹೋದರಿಯೇ, ನೀನು ಅರಿತೋ ಅರಿಯದೆಯೋ ಎಸಗಿದ ಘೋರಾಪರಾಧವನ್ನು, ಈ ಐದು ದಿನ ನಾನು ಮೌನವಾಗಿ ಹೊತ್ತ ದುಃಖಭಾರವನ್ನು, ಇದೋ ಸಮುದ್ರದ ತಳಕ್ಕೆ ಎಸೆದಿದ್ದೇನೆ. ನನ್ನ ದೀರ್ಘಶಾಂತಿಯು ಕೋಟೆಯ ಗೋಡೆಯಂತಿದೆ. ನನ್ನ ಕರುಣೆಗೆ ತೀರವಿಲ್ಲ. ಏಳು, ನಿನ್ನ ಕಣ್ಣೀರನ್ನು ಒರೆಸಿಕೋ.’ ಯೂನೀಕೆ ಅಳುವಳು, ತಾನು ಎತ್ತಿ ಅಪ್ಪಿಕೊಳ್ಳುವಳು ಎಂಬಲ್ಲಿಗೆ ಭಾಷಣ ಮುಗಿಯಿತು, ಹೆಜ್ಜೆಗಳೂ ಮುಗಿದವು.

ಯೂನೀಕೆಬಾಯಿ ಒಳಕಟ್ಟೆಯ ಮೇಲೆ ಕೂತು ಕೈಗೆ ಕೊಬ್ಬರಿ ಎಣ್ಣೆ ಹಚ್ಚಿಕೊಳ್ಳುತ್ತಿದ್ದಳು.

“ಬರ್ರಿ ಅಕ್ಕಾರ, ಕುಂದರ್ರಿ. ಚಾ ಇಡತೇನಿ.”

“ಚಾ ಬ್ಯಾಡ.” ಪ್ರಿಸ್ಕಿಲ್ಲಾಬಾಯಿ ಕೂರಲಿಲ್ಲ. ಸತ್ಯವೇದದ ಕನ್ನಡ ಹೊಸ್ತಿಲಾಚೆಯೇ ಉಳಿಯಿತು, ಬಂದದ್ದು ಮನೆಯ ಮಾತು. “ಯೂನೀಕೆ, ನಾ ನಿನ್ನ ಕ್ಷಮಿಸೇನಿ. ಅದನ್ನ ಹೇಳಾಕ ಬಂದೆ.”

ಯೂನೀಕೆಬಾಯಿ ಆಕೆಯ ಮುಖ ನೋಡಿದಳು, ಅಚ್ಚು ನೋಡಿದಳು, ಮತ್ತೆ ಮುಖ ನೋಡಿದಳು. “ಯಾತಕ್ಕರೀ ಅಕ್ಕಾರ?”

ವಾಚಕರೇ, ಯಾವ ಮಹಾಸಮರದಲ್ಲೂ ಯಾವ ವೀರನಿಗೂ ಇಂಥ ಗತಿ ಬಂದಿರಲಾರದು. ತನ್ನ ಮೇಲೆ ಐದು ದಿನ ಯುದ್ಧ ನಡೆದಿದೆ ಎಂಬುದೇ ಶತ್ರುವಿಗೆ ಗೊತ್ತಿಲ್ಲ. ಪ್ರಿಸ್ಕಿಲ್ಲಾಬಾಯಿ ಅಚ್ಚನ್ನು ಮುಂದೆ ಹಿಡಿದಳು. ಅದನ್ನು ಕಂಡು ಯೂನೀಕೆಬಾಯಿಯ ಮುಖ ಅರಳಿತು.

“ಛಲೋ ಹೊಳೀತೈತಿ ಅಲ್ರೀ? ಎರಡು ದಿನಾ ಹುಣಸಿಹಣ್ಣು, ಬೂದಿ ಹಚ್ಚಿ ತಿಕ್ಕೇನ್ರಿ. ಹೂವು ಅಷ್ಟು ಛಂದ ಬಂದ್ವು, ಬೀಗರ ಮುಂದ ನನ್ನ ಮಾನಾ ಉಳೀತು. ಹಂಗ ಹೆಂಗ ತಿರುಗಿ ಕೊಡೂದು? ಅಕ್ಕಾರಿಗೆ ಮಣಿಕಟ್ಟು ನೋವೈತಿ, ತಿಕ್ಕಾಕ ಆಗವಲ್ದು, ಅದಕ್ಕ ಇಷ್ಟು ಕರ್ರಗಾಗೇತಿ ಅಂದ್ಕೊಂಡೆ.”

ಎಣ್ಣೆ ಹಚ್ಚಿದ ಆ ಕೈಗಳ ಬೆರಳ ತುದಿಗಳೆಲ್ಲ ಸುಲಿದು ಕೆಂಪಾಗಿದ್ದವು. ಪ್ರಿಸ್ಕಿಲ್ಲಾಬಾಯಿ ಅಚ್ಚನ್ನು ಕೆಳಗಿಟ್ಟಳು. ಆಗ ಕೂರದಿದ್ದ ಕಟ್ಟೆಯ ಮೇಲೆಯೇ ಈಗ ಕೂತಳು. ದುರ್ಗದೊಳಗೆ ಬೆಳ್ಳನೆಯ ನಿಲುವಂಗಿಯವನು ಸದ್ದಿಲ್ಲದೆ ಗೋಡೆ ಹಾರಿ ಓಡಿಹೋದನು. ಅವಳನ್ನು ಕ್ಷಮಿಸಲು ಏನೂ ಇರಲಿಲ್ಲ. ಕ್ಷಮೆ ಬೇಕಾಗಿದ್ದದ್ದು ಸೀರೆ ಬದಲಿಸಿಕೊಂಡು ಬಂದವಳಿಗೆ. ಆಕೆಗೆ ನಾಚಿಕೆಯಾಯಿತು, ಮೈಯೆಲ್ಲ ನಾಚಿಕೆಯಾಯಿತು.

ಅಚ್ಚಿನ ಕಪ್ಪು ಯಾಕೆ ಬೇಕೆಂಬುದನ್ನು ಮೊದಲು ಹೇಳಿದಳು. ಯೂನೀಕೆಬಾಯಿ ತಾನು ಹಿತ್ತಾಳೆ, ತಾಮ್ರ ತಿಕ್ಕಿಯೇ ಬೆಳೆದವಳೆಂದು ತಲೆ ಚಚ್ಚಿಕೊಂಡಳು. ಅವಳು ಅಳುವ ಮೊದಲೇ ಪ್ರಿಸ್ಕಿಲ್ಲಾಬಾಯಿ ಅವಳ ಕೈ ಹಿಡಿದಳು.

“ನೀ ಅಳಬ್ಯಾಡ. ತಪ್ಪು ನಂದು. ಮಂಗಳವಾರದಿಂದ ನಿನ್ನ ಮ್ಯಾಲೆ ಸಿಟ್ಟು ಇಟ್ಕೊಂಡೇನಿ. ಗುರುವಾರ ಪ್ರಾರ್ಥನಿ ಮಾಡಿದೆ ನೋಡು, ಅದು ದೇವರಿಗಲ್ಲ, ನಿನಗ ಬಿಟ್ಟ ಬಾಣ. ನೀನ ನನ್ನ ಕ್ಷಮಿಸಬೇಕು.”

“ಅದು ನನಗರೀ?” ಯೂನೀಕೆಬಾಯಿ ಬೆರಗಾದಳು. “ನಾ ಅದು ಸಾಲೋಮಿಬಾಯಾರಿಗೆ ಅಂತ ತಿಳ್ಕೊಂಡು ಗಟ್ಟಿ ಆಮೆನ್ ಅಂದೆ. ನಮ್ಮ ಸ್ಟೂಲು ಒಯ್ದು ಮುರದಾರಲ್ರೀ ಅವರು.”

ಮೊದಲು ಯಾರು ನಕ್ಕರೋ ತಿಳಿಯದು. ಇಬ್ಬರೂ ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಂತೆ ನಕ್ಕರು. ಅಂಗಳದಲ್ಲಿ ಮೂರನೆಯ ಸಲ ಟೊಮ್ಯಾಟೊಗೆ ನೀರು ಹಾಕುತ್ತಿದ್ದ ಸೀಲಪ್ಪನವರು ಕದನವಿರಾಮವಾಯಿತೆಂದು ತಿಳಿದು ಬಕೆಟ್ಟು ಕೆಳಗಿಟ್ಟರು. ಅಂದು ಸಂಜೆಯ ತನಕ ಇಬ್ಬರೂ ಕೂತು ಅಚ್ಚನ್ನು ಎಣ್ಣೆಯಲ್ಲಿ ಅದ್ದಿ ಕಾಯಿಸಿದರು, ಆರಿಸಿದರು, ಮತ್ತೆ ಕಾಯಿಸಿದರು. ಹದಿನೇಳು ಹೂವು ಮುರಿದವು. ಹದಿನೆಂಟನೆಯದು ಅರ್ಧ ಬಂತು. ಅದನ್ನು ಹಂಚಿಕೊಂಡು ತಿಂದರು.

ರವಿವಾರ ಬಂದಿತು. ತುಂಬಿದ ಕೊಡವನ್ನು ತುಳುಕದಂತೆ ಹೊತ್ತವಳ ಹಾಗೆ ಪ್ರಿಸ್ಕಿಲ್ಲಾಬಾಯಿ ತನ್ನ ಶುಭ್ರ ಹೃದಯವನ್ನು ಹೊತ್ತು ದೇವಾಲಯಕ್ಕೆ ನಡೆದಳು. ದಾರಿಯಲ್ಲಿ ಸಾಲೋಮಿಬಾಯಿಯ ಸೀರೆಯ ಬಣ್ಣವನ್ನು ನೋಡದಂತೆ ಕಣ್ಣು ತಗ್ಗಿಸಿದಳು. ಗಂಡ ಚಪ್ಪಲಿ ಸರಸರ ಎಳೆದು ನಡೆದರೂ ಸಹಿಸಿದಳು. ಗಾಯನವೃಂದದವರು ಕೀರ್ತನೆಯನ್ನು ಶ್ರುತಿಯಲ್ಲಿ ಎರಡು ಮನೆ ಮೇಲಕ್ಕೆ ಎತ್ತಿಕೊಂಡರೂ ಹುಬ್ಬು ಗಂಟಿಕ್ಕಲಿಲ್ಲ. ಕೀರ್ತನೆ ಮುಗಿದೊಡನೆ ತನ್ನ ಎರಡನೆಯ ಸಾಲು ಬಿಟ್ಟು ಬಂದು ಯೂನೀಕೆಬಾಯಿಯ ಪಕ್ಕದಲ್ಲೇ ಕೂತಳು. ಎದೆಯೊಳಗೆ ಹಗುರಾಗಿತ್ತು, ಮುಂಜಾನೆ ನೀರು ಚಿಮುಕಿಸಿ ಗುಡಿಸಿದ ಅಂಗಳದಂತಿತ್ತು. ಇಂಥ ಹೃದಯವನ್ನು ಹಿಡಿದುಕೊಂಡು ಮೇಜಿನ ಮುಂದೆ ಮೊಣಕಾಲೂರುವುದು ಎಂಥ ಸುಖ ಎಂದು ಆಕೆಗೆ ನಿಜವಾಗಿ ಅನಿಸಿತು.

ಆಗ ಅಯ್ಯನವರಿಲ್ಲದಾಗ ಆರಾಧನೆ ನಡೆಸುವ ಉಪದೇಶಿಗಳು ಎದ್ದು ನಿಂತು, ಕನ್ನಡಕ ಸರಿಪಡಿಸಿಕೊಂಡು ಪ್ರಕಟಣೆ ಓದಿದರು. ಅಯ್ಯನವರಿಗೆ ನಿನ್ನೆಯಿಂದ ಜ್ವರ ಬಂದಿರುವುದರಿಂದ ಇಂದು ಸಂಸ್ಕಾರ ಇರುವುದಿಲ್ಲ. ಮುಂದಿನ ರವಿವಾರ ನಡೆಯುವುದು. ಸಭೆಯವರು ತಮ್ಮ ಹೃದಯಗಳನ್ನು ಅಲ್ಲಿಯವರೆಗೆ ಸಿದ್ಧವಾಗಿ ಇಟ್ಟುಕೊಳ್ಳಬೇಕು.

ಕ್ರೋಧ, ನೆನಪು, ಅಹಂಕಾರಗಳ ಮಹಾಸೇನೆಗಳು ಐದು ದಿನ ಹೆಣಗಿದರೂ ಒಡೆಯಲಾರದೆ ಹೋದ ಆ ಕೋಟೆ ಅರ್ಧ ನಿಮಿಷದಲ್ಲಿ ಬಿತ್ತು. ಈ ಅಯ್ಯನವರಿಗೆ ಸ್ವೆಟರು ಹಾಕಿಕೊಳ್ಳದೆ ಬೈಕ್ ಮೇಲೆ ಯಾರು ತಿರುಗಾಡು ಅಂದಿದ್ದರು, ಜ್ವರಕ್ಕೂ ಒಂದು ಹೊತ್ತುಗೊತ್ತು ಬೇಡವೇ ಎಂದು ಹಾಸಿಗೆಯಲ್ಲಿ ನರಳುತ್ತಿದ್ದ ದೇವರ ಸೇವಕರ ಮೇಲೆಯೇ ಪ್ರಿಸ್ಕಿಲ್ಲಾಬಾಯಿ ಕೆಂಡವಾದಳು. ಆದದ್ದು ಮರುಕ್ಷಣ ಅರಿವಿಗೆ ಬಂತು. ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡಳು. ತುಟಿಯಂಚಿನಲ್ಲಿ, ತಡೆದರೂ ತಡೆಯದೆ, ನಗು ಬರುತ್ತಿತ್ತು.

ಪಕ್ಕದಿಂದ ಯೂನೀಕೆಬಾಯಿ ಮೆಲ್ಲಗೆ ಕೇಳಿದಳು, “ಇನ್ನೂ ಏಳು ದಿನಾ ಅಕ್ಕಾರ. ಆಗತೈತಿ?”

“ಮೊದಲ ಇವತ್ತಿನ ಮಧ್ಯಾಹ್ನದ ಊಟದ ತನಕ ನೋಡೂಣು,” ಅಂದಳು ಪ್ರಿಸ್ಕಿಲ್ಲಾಬಾಯಿ.