ಮೂರು ತಿಂಗಳು ಪಳಗಿಸಿದ ಕಿವಿ

ನನ್ನ ಹೆಂಡತಿ ವಿಶಾಲಾಕ್ಷಿಯ ಮೊದಲ ಸಂಗೀತ ಕಚೇರಿ ಕೆಟ್ಟರೆ ಅದು ಮೈಕಿನಿಂದ ಕೆಡಬಹುದೇ ಹೊರತು ಬೇರೆ ಯಾವುದರಿಂದಲೂ ಕೆಡಲಾರದು ಎಂದು ನಾನು ಮೊದಲೇ ಕಂಡುಕೊಂಡಿದ್ದೆ. ಆ ಮೈಕಿನ ಹಿಂದೆ ನಾನೇ ಕೂತಿರುತ್ತೇನೆ ಎಂಬ ಸಣ್ಣ ವಿಷಯವೊಂದು ಮಾತ್ರ ನನ್ನ ಗಮನಕ್ಕೆ ಬಂದಿರಲಿಲ್ಲ.

ವಿಶಾಲು ಚಿಕ್ಕಂದಿನಲ್ಲಿ ಸಂಗೀತ ಕಲಿತವಳು. ಮದುವೆಯಾದ ಮೇಲೆ ಇಪ್ಪತ್ತೆಂಟು ವರ್ಷ ಹಾಡಿದ್ದೆಲ್ಲ ಅಡುಗೆಮನೆಯಲ್ಲಿಯೇ. ಮೂರು ವರ್ಷದ ಹಿಂದೆ ಮಗಳ ಮದುವೆ ಮುಗಿಸಿ ಮತ್ತೆ ಪಾಠಕ್ಕೆ ಸೇರಿದಳು. ಈ ವರ್ಷ ಚಾಮರಾಜಪೇಟೆಯ ನಮ್ಮ ಬೀದಿಯ ರಾಮಮಂದಿರದವರು ರಾಮನವಮಿಯ ಸಂಜೆ ಅವಳಿಗೆ ಮುಕ್ಕಾಲು ಗಂಟೆ ಕೊಟ್ಟರು. ಅವಳಿಗೆ ಖುಷಿಗಿಂತ ಹೆದರಿಕೆಯೇ ಜಾಸ್ತಿಯಾಯಿತು.

"ಹೋದ ವರ್ಷ ಆ ಹುಡುಗಿ ಹಾಡುವಾಗ ಮೈಕು ಕುಯ್ ಅಂತ ಕಿರುಚ್ತಲ್ಲ, ನೆನಪಿದ್ಯಾ? ನನಗೆ ಹಾಗಾದ್ರೆ ಇನ್ನು ಜನ್ಮದಲ್ಲಿ ವೇದಿಕೆ ಹತ್ತಲ್ಲ ರೀ."

"ನಾನಿದೀನಲ್ಲ," ಎಂದೆ.

ಮೂವತ್ತೊಂದು ವರ್ಷ ಭೂಗೋಳ ಹೇಳಿಕೊಟ್ಟು ನಿವೃತ್ತನಾದವನು ನಾನು. ಕಲಿತರೆ ಬಾರದ ವಿದ್ಯೆ ಇಲ್ಲ ಎಂದು ಮಕ್ಕಳಿಗೆ ಹೇಳಿ ಹೇಳಿ ಅದನ್ನು ನಾನೇ ನಂಬಿಬಿಟ್ಟಿದ್ದೆ. ಫೋನಿನಲ್ಲಿ ಮೈಕಿನವರ ಕಿವಿ ಪಳಗಿಸುವ ಆ್ಯಪ್ ಒಂದು ಸಿಕ್ಕಿತು. ಅದು ಒಂದು ಶಬ್ದ ಕೇಳಿಸುತ್ತದೆ, ಅದು ಎಷ್ಟು ಹರ್ಟ್ಜ್ ಎಂದು ನಾವು ಹೇಳಬೇಕು. ದಪ್ಪ ದನಿಗೆ ಕಡಿಮೆ ಹರ್ಟ್ಜ್, ಕೀರಲು ದನಿಗೆ ಹೆಚ್ಚು. ಆಮೇಲೆ ಅದೇ ಶಬ್ದವನ್ನು ಮೂರು ಡೆಸಿಬೆಲ್ ಏರಿಸಿಯೋ ಇಳಿಸಿಯೋ ಕೇಳಿಸುತ್ತದೆ. ಜೋರಾಯಿತೋ, ಮೆತ್ತಗಾಯಿತೋ ಗುರುತಿಸಬೇಕು. ಮೊದಲ ದಿನ ಹತ್ತಕ್ಕೆ ಎರಡು ಸರಿ ಬಂತು. ಅದರಲ್ಲಿ ಒಂದು ಬೆರಳು ಜಾರಿ ಬಂದದ್ದು.

ಮೂರನೇ ತಿಂಗಳಿಗೆ ಹತ್ತಕ್ಕೆ ಏಳು! ಮನೆಯವರನ್ನೆಲ್ಲ ಕರೆದು ತೋರಿಸಿದೆ. ಮನೆಯಲ್ಲಿ ಇದ್ದವಳು ಅವಳೊಬ್ಬಳೇ.

ಆದರೆ ಆಗಲೇ ತಲೆಯೊಳಗೆ ಏನೋ ಎಡವಟ್ಟಾಗಿತ್ತು. ಲೋಕದಲ್ಲಿ ಶಬ್ದಗಳೆಲ್ಲ ಹೋಗಿ ಬರೀ ಸಂಖ್ಯೆಗಳು ಉಳಿದಿದ್ದವು. ಸೊಪ್ಪಿನವಳು ಕೂಗಿದರೆ ಒಂದು ಸಾವಿರ, ಪಕ್ಕದ ಮನೆಯ ಮಿಕ್ಸಿ ನಾನೂರು. ಯಾರಾದರೂ ಮಾತನಾಡಿಸಿದರೆ ಅವರ ದನಿ ಎಷ್ಟು ಹರ್ಟ್ಜ್ ಎಂದು ಯೋಚಿಸುವಷ್ಟರಲ್ಲಿ ಅವರು ಏನು ಕೇಳಿದರು ಎಂಬುದೇ ಮರೆತುಹೋಗುತ್ತಿತ್ತು. ಒಂದು ಬೆಳಿಗ್ಗೆ ವಿಶಾಲು ಸ್ನಾನ ಮುಗಿಸಿ ಬಂದು, "ಕುಕ್ಕರ್ ಎಷ್ಟು ಸಲ ಕೂಗ್ತು ರೀ?" ಎಂದಳು.

"ಎರಡು ಸಾವಿರದ ಎಂಟುನೂರು," ಎಂದೆ.

ಅವಳು ಹೋಗಿ ಒಲೆ ಆರಿಸಿದಳು. ಬೇಳೆ ತಳ ಹತ್ತಿತ್ತು.

ರಾಮನವಮಿ ಬಂತು. ಮೈಕ್‌ಸೆಟ್ಟಿನ ನಾಗರಾಜು ಮಧ್ಯಾಹ್ನವೇ ಬಂದು ಎಲ್ಲ ಜೋಡಿಸಿದ್ದ. ನಾನು ಅವನ ಮೇಜಿನ ಪಕ್ಕ ಕುರ್ಚಿ ಹಾಕಿಕೊಂಡು, ಎರಡೂವರೆ ಸಾವಿರ ಹರ್ಟ್ಜ್ ಹತ್ತಿರ ಸ್ವಲ್ಪ ಮೊನಚು ಕಾಣುತ್ತಿದೆ ಎಂದು ಗಂಭೀರವಾಗಿ ತಿಳಿಸಿದೆ.

"ಅದೆಲ್ಲ ನಂಗೊತ್ತಿಲ್ಲ ಮೇಷ್ಟ್ರೇ. ಒಂದ್ಸಲ ಇಟ್ಮೇಲೆ ಮುಟ್ಬಾರ್ದು ಅಷ್ಟೇ," ಎಂದ ಅವನು.

ಕಚೇರಿ ಶುರುವಾಗುವ ಹೊತ್ತಿಗೆ ಬಾಗಿಲ ಬಳಿಯ ಸೀರಿಯಲ್ ಲೈಟು ಆರಿಹೋಯಿತು. ನಾಗರಾಜು ಅದನ್ನು ನೋಡಲು ಹೋದ. ಹೋಗುವ ಮುಂಚೆ ಇನ್ನೊಮ್ಮೆ, "ಮುಟ್ಬೇಡಿ," ಎಂದ. ನಾನು ಅವನ ಕುರ್ಚಿಗೆ ಬಡ್ತಿ ಪಡೆದೆ.

ಕಚೇರಿಗಳಲ್ಲಿ ಹಾಡುವವರು ಮೈಕಿನವನಿಗೆ ಕೈಸನ್ನೆ ಮಾಡುವುದು ವಾಡಿಕೆ. ಅಂಗೈ ಮೇಲೆತ್ತಿದರೆ ಜೋರು ಮಾಡು ಎಂದರ್ಥ, ಕೆಳಗಿಳಿಸಿದರೆ ಕಡಿಮೆ ಮಾಡು. ಇದನ್ನು ನಾನು ಎಷ್ಟೋ ಸಲ ಗಮನಿಸಿದ್ದೆ. ವಿಶಾಲು ಕಲ್ಯಾಣಿ ರಾಗದ ಆಲಾಪನೆ ಎತ್ತಿಕೊಂಡಳು. ಎರಡೇ ನಿಮಿಷಕ್ಕೆ ಅವಳ ಬಲಗೈ ಮೆಲ್ಲನೆ ಮೇಲೆದ್ದಿತು. ತಕ್ಷಣ ಮೂರು ಡೆಸಿಬೆಲ್ ಏರಿಸಿದೆ. ಕೈ ಇಳಿಯಿತು, ಇಳಿಸಿದೆ. ಕೈ ಗಾಳಿಯಲ್ಲಿ ಸುತ್ತಿತು, ನಾನೂ ಒಂದು ಗುಂಡಿಯನ್ನು ಸುತ್ತಿಸಿದೆ. ಅವಳು ಎರಡು ಬೆರಳು ಸೇರಿಸಿ ಏನನ್ನೋ ಚಿವುಟಿದಳು. ಇದ್ಯಾವುದಿರಬಹುದು ಎಂದು ಗೊಂದಲವಾಗಿ, ಇರಲಿ ಎಂದು ಮೂರು ಗುಂಡಿಗಳನ್ನು ಸ್ವಲ್ಪ ಸ್ವಲ್ಪ ತಿರುಗಿಸಿದೆ.

ಅವಳು ರಾಗದ ಜೊತೆ ಕೈ ಆಡಿಸುತ್ತಿದ್ದಾಳೆ ಎಂಬುದು ನನಗೆ ಹೊಳೆಯಲೇ ಇಲ್ಲ. ಹೊಳೆಯುವುದಾದರೂ ಹೇಗೆ? ಇಪ್ಪತ್ತೆಂಟು ವರ್ಷ ಅವಳು ಹಾಡಿದಾಗಲೆಲ್ಲ ಒಂದು ಕೈಯಲ್ಲಿ ಸೌಟು, ಇನ್ನೊಂದು ಕೈಯಲ್ಲಿ ಇಕ್ಕಳ. ಅವಳು ಬಿಡುಗೈಯಲ್ಲಿ ಹಾಡಿದ್ದನ್ನು ನಾನು ಅವತ್ತೇ ಮೊದಲು ನೋಡಿದ್ದು.

ಕೆಳಸ್ಥಾಯಿಗೆ ಬಂದಾಗ ಅವಳ ಕೈ ತೊಡೆಯ ಮೇಲಿಳಿಯಿತು, ನಾನು ದನಿಯನ್ನು ಪೂರ್ತಿ ಇಳಿಸಿದೆ. ಬಾಯಿ ಮಾತ್ರ ಆಡುತ್ತಿತ್ತು. ಮುಂದಿನ ಸಾಲಿನಲ್ಲಿದ್ದ ಪಕ್ಕದ ಮನೆಯ ಪದ್ದಮ್ಮನವರು ತಿರುಗಿ, "ಕರೆಂಟ್ ಹೋಯ್ತೇನಪ್ಪಾ?" ಎಂದರು. ಅಷ್ಟರಲ್ಲಿ ವಿಶಾಲು ಮೇಲಿನ ಷಡ್ಜಕ್ಕೆ ಹಾರಿದಳು. ಕೈ ತಲೆಯ ಮೇಲಕ್ಕೆ ಹೋಯಿತು. ಇಷ್ಟು ದೊಡ್ಡ ಸನ್ನೆಗೆ ಅಷ್ಟೇ ದೊಡ್ಡ ಉತ್ತರ ಕೊಡಬೇಡವೇ? ಸರಕ್ಕನೆ ತುದಿಯವರೆಗೂ ಏರಿಸಿದೆ.

ಮೈಕು ಕಿರುಚಿತು. ಹೋದ ವರ್ಷದ್ದು ಇದರ ಮುಂದೆ ಏನೂ ಅಲ್ಲ. ಜನ ಕಿವಿ ಮುಚ್ಚಿಕೊಂಡರು, ಪಿಟೀಲಿನವನು ಕಮಾನು ಎತ್ತಿಬಿಟ್ಟ. ನಾನೊಬ್ಬ ಮಾತ್ರ ಕಣ್ಣು ಮುಚ್ಚಿ ಕೇಳಿ, ಮೂರು ಸಾವಿರದ ಇನ್ನೂರು ಎಂದು ಖಚಿತವಾಗಿ ಗುರುತಿಸಿದೆ. ಗುರುತಿಸಿದ್ದೇನೋ ಸರಿ, ಆ ಹರ್ಟ್ಜನ್ನಷ್ಟೇ ಇಳಿಸುವ ಗುಂಡಿ ಯಾವುದು ಎಂದು ಆ್ಯಪ್ ಹೇಳಿಕೊಟ್ಟಿರಲಿಲ್ಲ. ಕಣ್ಣು ತೆರೆದರೆ ವಿಶಾಲು ನನ್ನನ್ನೇ ನೋಡುತ್ತಾ ಎರಡೂ ಕೈ ಬೀಸುತ್ತಿದ್ದಳು. ಸಂಜೆಯೆಲ್ಲ ಅವಳು ನನಗೆಂದೇ ಮಾಡಿದ ಸನ್ನೆ ಅದೊಂದೇ. ನಾನು ಅದನ್ನು ಆಲಾಪನೆಯ ಕೊನೆಯ ಏರಿಕೆ ಎಂದು ತಿಳಿದು ತಲೆದೂಗಿ, "ಭೇಷ್" ಎಂದೆ.

ನಾಗರಾಜು ಓಡಿಬಂದು ನನ್ನ ಕೈ ಸರಿಸಿ ಎಲ್ಲವನ್ನೂ ಆಫ್ ಮಾಡಿದ.

"ಮುಟ್ಬೇಡಿ ಅಂದಿದ್ನಲ್ಲ ಮೇಷ್ಟ್ರೇ. ಎಲ್ಲಾ ಮೊದಲಿಂದ ಇಡ್ಬೇಕು ಈಗ."

ಮಂದಿರ ನಿಶ್ಶಬ್ದವಾಯಿತು. ಅವಳು ಎದ್ದುಬಿಡುತ್ತಾಳೆ, ಮೂರು ವರ್ಷದ ಪಾಠ ನನ್ನ ಬೆರಳ ತುದಿಯಲ್ಲಿ ಹಾಳಾಯಿತು ಎಂದುಕೊಂಡೆ. ವಿಶಾಲು ಏಳಲಿಲ್ಲ. ಮೈಕನ್ನು ಪಕ್ಕಕ್ಕೆ ಸರಿಸಿ, ಶ್ರುತಿ ಹಿಡಿದು, ಬರಿಗಂಟಲಿನಲ್ಲಿ ಹಾಡತೊಡಗಿದಳು. ಜನ ಕುರ್ಚಿಗಳನ್ನು ಮುಂದಕ್ಕೆ ಎಳೆದುಕೊಂಡರು. ಕೊನೆಯವರೆಗೂ ಹಾಗೇ ಹಾಡಿದಳು. ಮುಗಿದಾಗ ಚಪ್ಪಾಳೆ ಬಹಳ ಹೊತ್ತು ನಿಲ್ಲಲಿಲ್ಲ.

ಮನೆಗೆ ಬಂದು ಬೈಗುಳಕ್ಕೆ ಸಿದ್ಧನಾಗಿ ಕೂತೆ. ಅವಳು ಬೈಯಲಿಲ್ಲ. ಎದುರಿಗೆ ಕೂತು, ಮುಡಿಯಿಂದ ಹೂವು ತೆಗೆಯುತ್ತಾ ಮೆಲ್ಲನೆ ಕೇಳಿದಳು: "ಅದು ಹೋಗ್ಲಿ ಬಿಡಿ. ಮೈಕ್ ಇಲ್ದೆ ಹಾಡಿದ್ನಲ್ಲ, ಅದು ಹೇಗಿತ್ತು? ನಿಜ ಹೇಳಿ."

ನಾನು ನೆನಪಿಸಿಕೊಳ್ಳಲು ನೋಡಿದೆ. ಅವಳು ಹಾಡುತ್ತಿದ್ದ ಅಷ್ಟೂ ಹೊತ್ತು ನಾನು ಹಿಂದೆ ನಿಂತು, ಮೈಕಿಲ್ಲದೆ ದನಿ ಎಷ್ಟು ಇಳಿದಿದೆ ಎಂದು ಅಂದಾಜು ಮಾಡುತ್ತಿದ್ದೆ. ಯಾವ ರಾಗ, ಯಾವ ಹಾಡು, ಒಂದೂ ತಲೆಯಲ್ಲಿರಲಿಲ್ಲ. ಇದ್ದದ್ದನ್ನೇ ಹೇಳಿದೆ.

"ಸುಮಾರು ಅರವತ್ತೈದು ಡೆಸಿಬೆಲ್ ಇತ್ತು, ವಿಶಾಲು."

ಅವಳು ಹೂವನ್ನು ಮೇಜಿನ ಮೇಲಿಟ್ಟು, ಚಪ್ಪಲಿ ಮೆಟ್ಟಿಕೊಂಡು, ಕಚೇರಿ ಹೇಗಿತ್ತು ಎಂದು ಕೇಳಲು ಪದ್ದಮ್ಮನವರ ಮನೆಗೆ ಹೋದಳು. ಪದ್ದಮ್ಮನವರಿಗೆ ಒಂದು ಕಿವಿ ಕೇಳಿಸುವುದೇ ಇಲ್ಲ.