ಅವಸರದಲ್ಲಿ ಕೊರೆದ ದೇವಿ

ಲಾರ್ಟಿಯಸ್‌ನ ಅರ್ಧ ಗಡ್ಡ ಹೆರೆದಿದ್ದಾಗ ಕ್ಷೌರಿಕ ಪ್ಲೋಟಸ್ ಬಾಯಿಬಿಟ್ಟ. "ರಾಣಿಯಮ್ಮ ಬೆಳಗಿನ ಜಾವ ಹೋಗ್ಬಿಟ್ರಂತೆ. ಸಂಜೆಯೊಳಗೆ ಸೆನೆಟ್‌ನೋರು ಅವ್ರನ್ನ ದೇವಿ ಅಂತ ಸಾರ್ತಾರೆ, ನೋಡ್ತಿರು."

ಲಾರ್ಟಿಯಸ್ ಉಳಿದರ್ಧ ಗಡ್ಡದೊಂದಿಗೇ ರೋಮಿನ ಟಂಕಸಾಲೆಗೆ ಓಡಿದ. ನಾಣ್ಯದ ಅಚ್ಚು ಕೊರೆಯುವುದು ಅವನ ಕೆಲಸ. ಹಿಂದಿನ ಸಾಮ್ರಾಜ್ಞಿ ಸತ್ತು ದೇವಿಯಾದಾಗ ಅವಳ ಹೆಸರಿನ ನಾಣ್ಯಕ್ಕೆ ಐದು ದಿನ ತಡಮಾಡಿ, ಮೇಲ್ವಿಚಾರಕ ಟುಸಿಡಿಯಸ್‌ನಿಂದ ಬೀದಿಗೆಲ್ಲ ಕೇಳುವಂತೆ ಬೈಸಿಕೊಂಡಿದ್ದ.

ಈ ಸಲ ತಡವಾಗಲಿಲ್ಲ. ರಾಣಿಯಮ್ಮನ ಮುಖ ಅರ್ಧ ಕೊರೆದಿಟ್ಟ ಅಚ್ಚಿತ್ತು. ಮುಖ ಮುಗಿಸಿ, ತಲೆಗೆ ಸೆರಗು ಹೊದಿಸಿ, ಸುತ್ತ 'ದೇವಿ' ಎಂದು ಕೊರೆದ. ಹಿಂಬದಿಗೆ ಹಳೆಯ ದೇವಿಯನ್ನು ಸ್ವರ್ಗಕ್ಕೆ ಹೊತ್ತೊಯ್ದ ನವಿಲಿನ ಅಚ್ಚೇ ಸಿಕ್ಕಿತು. ಸುತ್ತಿಗೆ ಬೀಸುವ ಹಿಲಾರಸ್ ಒಂದೇಟು ಹೊಡೆದ. ಬೆಳ್ಳಿಯ ನಾಣ್ಯ ಫಳಫಳ ಹೊಳೆಯಿತು.

ಮಧ್ಯಾಹ್ನ ಪ್ಲೋಟಸ್ ಕ್ಷೌರದ ಕತ್ತಿ ಹಿಡಿದು ಬಂದ. "ಬಾಕಿ ಗಡ್ಡ ಮುಗಿಸೋಣ ಬಾರೋ. ಅಂದಹಾಗೆ, ರಾಣಿಯಮ್ಮ ಎದ್ದು ಕೂತ್ರಂತೆ, ಗಂಜಿ ಕುಡಿದ್ರಂತೆ."

"ಸತ್ತಿಲ್ವಾ?"

"ಸತ್ತೋರು ಗಂಜಿ ಕುಡೀತಾರೇನೋ?"

ಲಾರ್ಟಿಯಸ್‌ನ ಮುಖ ಹಿಂಡಿದ ಬಟ್ಟೆಯಂತಾಯಿತು. ಬದುಕಿರುವ ಸಾಮ್ರಾಜ್ಞಿಯನ್ನು ಸ್ವರ್ಗಕ್ಕೆ ಕಳಿಸುವುದು ರಾಜದ್ರೋಹ. ತಲೆ ಹೋಗುವ ವಿಷಯ.

"ಹಿಲಾರಸ್, ನಾಣ್ಯ ಎಲ್ಲೋ?"

"ಟುಸಿಡಿಯಸ್ ಸಾಹೇಬ್ರಿಗೆ ಕೊಟ್ಟೆ ಅಣ್ಣ, ನಿನಗೆ ಒಳ್ಳೆ ಹೆಸರು ಬರ್ಲಿ ಅಂತ. ಅರಮನೆಗೆ ತಗೊಂಡ್ ಓಡಿದ್ರು. ಮೊದ್ಲು ತೋರಿಸಿದ್ದು ನಾನೇ ಅನ್ನಿಸ್ಕೋಬೇಕಂತೆ."

ಕಡೇಪಕ್ಷ ಅಚ್ಚಾದರೂ ಸಿಗಬಾರದು. ಲಾರ್ಟಿಯಸ್ ಲೋಹ ತೇಯುವ ಅರ ಹಿಡಿದು ಮುಖದ ಅಚ್ಚನ್ನು ಉಜ್ಜತೊಡಗಿದ. ಸೆರಗು ಹೋಯಿತು, ಮೂಗು ಹೋಯಿತು, ಕಣ್ಣೂ ಹೋಯಿತು.

ಅಷ್ಟರಲ್ಲಿ ಅರಮನೆಯ ಸೈನ್ಯಾಧಿಕಾರಿ ಬಂದ. ಹಿಂದೆ ನಾಲ್ವರು ಸೈನಿಕರು.

"ಈ ನಾಣ್ಯ ಕೊರೆದೋನು ಯಾರು?"

ಹತ್ತು ಬೆರಳುಗಳು ಲಾರ್ಟಿಯಸ್‌ನತ್ತ ತಿರುಗಿದವು. ಅವನು ಆಮೆಯಂತೆ ಕತ್ತನ್ನು ಒಳಗೆಳೆದುಕೊಂಡ.

"ಭಯ ಯಾಕಯ್ಯ? ರಾಣಿಯಮ್ಮ ನೋಡಿ ಬಿದ್ದು ಬಿದ್ದು ನಕ್ಕರು. ಇಷ್ಟು ಚೆಂದದ ಮೂಗು ಈವರೆಗೆ ಯಾರೂ ಕೊರೆದಿಲ್ಲ ಅಂದ್ರು. ಮುಂದೆ ನಿಜವಾಗ್ಲೂ ಸತ್ತಾಗ ಇದೇ ಅಚ್ಚು ಬೇಕಂತೆ, ಭದ್ರವಾಗಿ ತಗೊಂಡ್ಬನ್ನಿ ಅಂದಿದ್ದಾರೆ."

ಅಧಿಕಾರಿ ತಾನೇ ಮೇಜಿನ ಮೇಲಿದ್ದ ಅಚ್ಚನ್ನು ಎತ್ತಿಕೊಂಡು ಬೆಳಕಿಗೆ ಹಿಡಿದ. ಅವನ ನಗು ನಿಂತಿತು.

"ಬದುಕಿರೋ ರಾಣಿಯಮ್ಮನ ಮುಖಾನ ಉಜ್ಜಿ ಅಳಿಸಿದೋನು ಯಾರು?"

ಈ ಸಲ ಯಾರೂ ಬೆರಳು ತೋರಿಸಬೇಕಾಗಲಿಲ್ಲ. ಅರ ಇನ್ನೂ ಲಾರ್ಟಿಯಸ್‌ನ ಕೈಯಲ್ಲೇ ಇತ್ತು.