ಅತ್ತೆಯ ಪುಕ್ಕಟೆ ವಿಮಾನ

ನಾನು ಜಂಬದ ಹೆಂಗಸು. ಇದನ್ನು ನನ್ನ ಯಜಮಾನರೋ ಶಾಲೆಯ ಸಹೋದ್ಯೋಗಿಗಳೋ ನಿಮ್ಮ ಕಿವಿಗೆ ಹಾಕುವ ಮೊದಲು ನಾನೇ ಒಪ್ಪಿಕೊಳ್ಳುವುದು ಮರ್ಯಾದೆ. ಜಂಬಕ್ಕೆ ಕಾರಣ ಬಂಗಾರವಲ್ಲ, ರೂಪವಂತೂ ಅಲ್ಲ, ಲೆಕ್ಕ. ಚಿಕ್ಕೋಡಿಯ ಒಂದು ಹೈಸ್ಕೂಲಿನಲ್ಲಿ ಇಪ್ಪತ್ತೆರಡು ವರ್ಷದಿಂದ ಗಣಿತ ಕಲಿಸುತ್ತಿದ್ದೇನೆ. ತರಕಾರಿಯವಳು ತೂಕ ಮುಗಿಸುವುದರೊಳಗೆ ನನ್ನ ಬಾಯಿಂದ ಉತ್ತರ ಬಂದಿರುತ್ತದೆ. ಅದಕ್ಕೇ ಅವಳು ನನ್ನನ್ನು ಕಂಡರೆ ಕೊತ್ತಂಬರಿ ಮುಚ್ಚಿಡುತ್ತಾಳೆ. ಹೀಗಿರುವಾಗ ಸ್ಟಾಫ್ ರೂಮಿನಲ್ಲಿ ಯಾರೋ, ಹೊಸದಾಗಿ ಕ್ರೆಡಿಟ್ ಕಾರ್ಡು ಮಾಡಿಸಿದವರಿಗೆ ಬ್ಯಾಂಕಿನವರು ವಿಮಾನದ ಟಿಕೆಟ್ಟನ್ನೇ ಪುಕ್ಕಟೆ ಕೊಡುತ್ತಾರಂತೆ ಅಂದರು. ಉಳಿದವರು ನಕ್ಕು ಚಹಾ ಕುಡಿದರು. ನಾನು ಗ್ರಾಫ್ ಹಾಳೆ ತೆಗೆದೆ.

ಟಿಕೆಟ್ಟು ಬೇಕಾಗಿದ್ದದ್ದು ನನಗಲ್ಲ, ಅಕ್ಕೋಳದ ನಮ್ಮ ಮನೆಯಲ್ಲಿರುವ ಅತ್ತೆಗೆ. ಎಪ್ಪತ್ತನಾಲ್ಕು ತುಂಬಿದ ಅವರಿಗೆ ಉಳಿದಿರುವ ಆಸೆ ಒಂದೇ, ಜಾರ್ಖಂಡದ ಶಿಖರಜಿಯ ದರ್ಶನ. ನಮ್ಮ ಜೈನರಿಗೆ ಅದಕ್ಕಿಂತ ದೊಡ್ಡ ಯಾತ್ರೆ ಇಲ್ಲ. ಬೆಟ್ಟ ಹತ್ತಿಸಲು ಡೋಲಿ ಸಿಗುತ್ತದೆ. ಆದರೆ ಅಲ್ಲಿಯವರೆಗಿನ ರೈಲಿನ ದಾರಿಯನ್ನು ಅವರ ಮೊಣಕಾಲು ತಡೆಯುವುದಿಲ್ಲ. ವಿಮಾನದ ಮಾತೆತ್ತಿದರೆ ಸಾಕು, "ಅಷ್ಟ ರೊಕ್ಕಾ ಗಾಳ್ಯಾಗ ತೂರೂದ ಬ್ಯಾಡವಾ. ನಾ ಮನ್ಯಾಗ ಕುಂತ ಕೈ ಮುಗೀತೀನಿ" ಎಂದು ಬಾಯಿ ಮುಚ್ಚಿಸುತ್ತಿದ್ದರು. ಎರಡು ಸಲ ಟಿಕೆಟ್ ತೆಗೆಸುತ್ತೇನೆಂದು ಹೊರಟ ಮಗನನ್ನು ಊಟ ಬಿಟ್ಟು ಸೋಲಿಸಿದ್ದಾರೆ. ಪುಕ್ಕಟೆ ಬಂದದ್ದಕ್ಕೆ ಹಾಗೆ ಹೇಳುವಂತಿಲ್ಲವಲ್ಲ!

ಒಂದು ತಿಂಗಳು ಕಾರ್ಡುಗಳ ಅಧ್ಯಯನ ನಡೆಯಿತು. ಒಂದು ಕಾರ್ಡಿನವರು ತಿಂಗಳಿಗೆರಡು ಸಲ ಗಾಲ್ಫ್ ಆಡಿಸುತ್ತೇವೆಂದರು. ಅಕ್ಕೋಳದಲ್ಲಿ ಅಷ್ಟು ಹುಲ್ಲು ಬೆಳೆದಿದ್ದರೆ ಎಮ್ಮೆ ಮೇಯಿಸುತ್ತಿದ್ದೆವು. ಇನ್ನೊಂದು ಕಾರ್ಡು ವಿಮಾನ ನಿಲ್ದಾಣದಲ್ಲಿ ಬೇಕಾದಷ್ಟು ಊಟ ಕೊಡುತ್ತಿತ್ತು. ಈರುಳ್ಳಿ ಬೆಳ್ಳುಳ್ಳಿ ಮುಟ್ಟದ, ಹೊತ್ತು ಮುಳುಗಿದ ಮೇಲೆ ಉಣ್ಣದ ಅತ್ತೆ ಅಲ್ಲಿ ನೀರು ಕುಡಿದು ಬರಬೇಕಾಗುತ್ತಿತ್ತು. ಮೂರನೆಯದು ನನ್ನದು. ತೊಂಬತ್ತು ದಿನದಲ್ಲಿ ಹೇಳಿದಷ್ಟು ಖರ್ಚು ಮಾಡಿದರೆ, ಬೆಳಗಾವಿಯಿಂದ ರಾಂಚಿಗೆ ಇಬ್ಬರು ಹೋಗಿ ಬರುವಷ್ಟು ಪಾಯಿಂಟು. ಅದನ್ನೇ ಮಾಡಿಸಿ, ಲೆಕ್ಕದ ಹಾಳೆಯನ್ನು ಸ್ಟಾಫ್ ರೂಮಿನ ಗೋಡೆಗೆ ಅಂಟಿಸಿದೆ. ಪಿ.ಟಿ. ಮಾಸ್ತರರು ಬಹಳ ಹೊತ್ತು ನೋಡಿ, "ಟೀಚರ, ಇದ್ರಾಗ ಚಿಕ್ಕೋಡಿ ಬಸ್ಸಿನ ಪಾಸ್ ಬರ್ತೈತೇನ್ರಿ?" ಎಂದರು. ಅಜ್ಞಾನಿಗಳನ್ನು ಕ್ಷಮಿಸುವುದು ನನ್ನ ವೃತ್ತಿ.

ಖರ್ಚು ಮಾಡುವುದು ಇಷ್ಟು ಕಷ್ಟವೆಂದು ನನಗೆ ಗೊತ್ತಿರಲಿಲ್ಲ. ನಮ್ಮ ಮನೆಯಲ್ಲಿ ಅಷ್ಟು ಖರ್ಚೇ ಇಲ್ಲ. ಬಂಧುಬಳಗದಲ್ಲಿ ಯಾರು ಏನು ಕೊಂಡರೂ ನಾನು ಕಾರ್ಡು ಹಿಡಿದು ಹಾಜರಾಗತೊಡಗಿದೆ. ಅವರು ನನಗೆ ನಗದು ಕೊಡುತ್ತಿದ್ದರು. ನಾದಿನಿಯ ಮಗಳ ಮದುವೆಯ ಸೀರೆಗೆ ನಿಪ್ಪಾಣಿಗೆ ಹೋದಾಗ, ಅಂಗಡಿಯವನು ನನ್ನ ಕಾರ್ಡು ನೋಡಿ, "ತಾಈ, ರೋಖ ನಾಹೀ ಕಾ?" ಎಂದು ಮರಾಠಿಯಲ್ಲಿ ಕೇಳಿದ. ನಗದು ನಾದಿನಿಯ ಚೀಲದಲ್ಲೇ ಇತ್ತು. ಇಲ್ಲವೆಂದೆ. ಕೊನೆಗೆ ನಾಲ್ಕೇ ದಿನ ಉಳಿದಾಗ ಇನ್ನೂ ದೊಡ್ಡ ಮೊತ್ತ ಬಾಕಿ ಇತ್ತು. ಊಟ ರುಚಿಸಲಿಲ್ಲ, ಅಡುಗೆಯ ಒಲೆ ಮುಂದೆ ನಿಂತು ಬೆರಳು ಎಣಿಸುತ್ತಿದ್ದೆ. ಅಷ್ಟರಲ್ಲಿ ಮೈದುನ ಕಬ್ಬಿಗೆ ಹನಿ ನೀರಾವರಿಯ ಪೈಪು ತರಲು ಹೊರಟ. ಅವನ ಬೈಕಿನ ಹಿಂದೆ ಹಾರಿ ಕುಳಿತೆ.

ಪಾಯಿಂಟು ಬಂದ ದಿನ, ಹೊತ್ತು ಮುಳುಗುವ ಮುಂಚಿನ ಊಟಕ್ಕೆ ಹೋಳಿಗೆ ಮಾಡಿದೆ. ಬಡಿಸಿದ ಮೇಲೆ ಗುಟ್ಟು ಬಿಟ್ಟೆ. "ಅತ್ತಿ, ದಸರಾ ಸೂಟಿಯಾಗ ಶಿಖರಜಿಗೆ ಹೋಗೂಣ್ರಿ. ವಿಮಾನದಾಗ. ಒಂದ ಪೈಸೆ ಖರ್ಚಿಲ್ಲ!"

ಅತ್ತೆಯ ಮುಖ ಅರಳಿತು. ಆಮೇಲೆ ತುತ್ತು ಹಿಡಿದ ಕೈ ಅಲ್ಲೇ ನಿಂತಿತು. "ಅಯ್ಯ ನಮ್ಮವ್ವಾ, ನಾ ನೇಮ ಹಿಡಿದೀನಲ್ಲ!"

ಚಾತುರ್ಮಾಸಕ್ಕೆ ನಮ್ಮೂರಲ್ಲಿ ಮುನಿಗಳು ತಂಗಿದ್ದರು. ಅವರೆದುರು ಹೆಂಗಸರು ಒಂದೊಂದು ನೇಮ ಹಿಡಿಯುವುದು ವಾಡಿಕೆ. ಒಬ್ಬರು ಉಪ್ಪು ಬಿಡುತ್ತಾರೆ, ಒಬ್ಬರು ಸಿಹಿ ಬಿಡುತ್ತಾರೆ. ನಮ್ಮ ಅತ್ತೆ, ದೀಪಾವಳಿ ಆಗುವವರೆಗೆ ನಮ್ಮ ನಿಪ್ಪಾಣಿ ತಾಲೂಕು ದಾಟುವುದಿಲ್ಲವೆಂದು ನೇಮ ಹಿಡಿದಿದ್ದರು. ನನ್ನ ಪಾಯಿಂಟಿನಲ್ಲಿ ಪ್ರಯಾಣ ಮಾಡುವ ಅವಧಿ ದೀಪಾವಳಿಗೆ ಹದಿನೆಂಟು ದಿನ ಮೊದಲೇ ಮುಗಿಯುತ್ತಿತ್ತು.

"ಯಾಕ ಹಿಡಿದ್ರಿ ಅತ್ತಿ?" ಎಂದೆ, ಅಳುವ ದನಿಯಲ್ಲಿ.

"ನಿನ್ನ ಸಲುವಾಗಿನ ಹಿಡಿದೆ. ಒಲಿ ಮುಂದ ನಿಂತ ಬೆರಳ ಎಣಿಸ್ತಿದ್ದಿ, ಉಣ್ಣವಲ್ಲಿ. ಏನೋ ಅಡಚಣಿ ಐತಿ, ಸೊಸಿ ಕೆಲಸ ಆಗ್ಲಿ ಅಂತ ಬೇಡಕೊಂಡೆ. ಆತಿಲ್ಲೋ?"

ಆಗಿತ್ತು. ಪೈಪಿನಿಂದ ಆಯಿತೆಂದು ನಾನು ಅಂದುಕೊಂಡಿದ್ದೆ.

ಬ್ಯಾಂಕಿಗೆ ಫೋನು ಮಾಡಿ ಅವಧಿ ಮುಂದೂಡಲು ಬೇಡಿಕೊಂಡೆ. ಆ ಕಡೆಯ ಹುಡುಗಿ ಪಾಪ, ನೇಮದ ಕತೆಯನ್ನೆಲ್ಲ ತಾಳ್ಮೆಯಿಂದ ಕೇಳಿ, "ಡಾಕ್ಟರ್ ಸರ್ಟಿಫಿಕೇಟ್ ಇದೆಯಾ ಮೇಡಂ?" ಎಂದಳು. ಯಜಮಾನರು ಮುನಿಗಳನ್ನು ಕೇಳಿ ಸಡಿಲಿಸಿಕೊಳ್ಳಬಹುದೆಂದು ಸೂಚಿಸಿದರೆ ಅತ್ತೆ, "ಪುಕ್ಕಟ ಸಿಕ್ಕೈತಂತ ನೇಮ ಮುರೀಲೇನೊ?" ಎಂದು ಮಗನನ್ನು ಗದರಿಸಿದರು. ನಾವಿಬ್ಬರಾದರೂ ಹೋಗಿ ಬರಬಹುದಿತ್ತು. ಅತ್ತೆಯನ್ನು ಬಿಟ್ಟು ಆ ಬೆಟ್ಟ ಹತ್ತುವ ಮುಖ ನನಗಿರಲಿಲ್ಲ. ಪಾಯಿಂಟು ಕೈತಪ್ಪಿದವು. ಸ್ಟಾಫ್ ರೂಮಿನ ಗೋಡೆಯಿಂದ ಹಾಳೆಯನ್ನು ಯಾರೂ ಇಲ್ಲದಾಗ ಕಿತ್ತೆ.

ಮುಂದಿನ ರವಿವಾರ ಬಸದಿಗೆ ಹೋದೆ. ಒಳಗೆ ಹೆಂಗಸರ ನಡುವೆ ಅತ್ತೆಯ ದನಿ. "ಸೊಸಿ ವಿಮಾನದ ಟಿಕೀಟ ತಂದು ಮುಂದ ಇಟ್ಟಳು. ನಾನ ಒಲ್ಲೆ ಅಂದೆ." ವಿಮಾನದಲ್ಲಿ ಕುಳಿತವರು ಈಗ ನಮ್ಮೂರಲ್ಲಿ ಮನೆಗೊಬ್ಬರಿದ್ದಾರೆ; ಬೇಡವೆಂದವರು ಇವರೊಬ್ಬರೇ. ಎಲ್ಲರೂ ಬೆರಗಾಗಿ ಕೇಳುತ್ತಿದ್ದರು. ಒಬ್ಬಾಕೆ, "ಇನ್ನ ಅಂಥಾದ ಎಲ್ಲಿ ಸಿಗ್ತೈತ್ರಿ?" ಎಂದಳು.

"ಯಾಕ ಸಿಗಂಗಿಲ್ಲ? ದೀಪಾವಳಿ ಆದಮ್ಯಾಲ ಮತ್ತ ತರ್ತಾಳ. ಗಣಿತದ ಟೀಚರ ಅದಾಳ ನಮ್ಮಾಕಿ!"

ಬಸದಿಯ ಹೆಂಗಸರೆಲ್ಲ ನನ್ನತ್ತ ತಿರುಗಿದರು. ಹೊಸ ಕಾರ್ಡಿನ ಸ್ವಾಗತದ ಪಾಯಿಂಟು ಒಂದೇ ಸಲ ಬರುವುದು, ಮತ್ತೆ ಬಾರದು ಎಂದು ಹೇಳಲು ಅದೇ ಸರಿಯಾದ ಸಮಯ. ಅತ್ತೆ ನನ್ನ ಬಗ್ಗೆ ನಾಲ್ಕು ಜನರೆದುರು ಹಾಗೆ ಹೇಳಿದ್ದು ಮದುವೆಯಾದ ಮೇಲೆ ಅದೇ ಮೊದಲು. ಸೆರಗು ಸರಿಮಾಡಿಕೊಂಡು, "ತರ್ತೀನ್ರಿ" ಎಂದೆ.

ತಂದೆ. ದೀಪಾವಳಿ ಕಳೆದ ಮೇಲೆ ಪೂರ್ತಿ ದರಕ್ಕೆ ಮೂರು ಟಿಕೆಟ್, ನನ್ನ ಪಗಾರದಿಂದ. ಯಜಮಾನರಿಗೆ ಬಾಯಿಬಿಡಬಾರದೆಂದು ಆಣೆ ಹಾಕಿಸಿದೆ. ಬೆಳಗಾವಿಯಲ್ಲಿ ವಿಮಾನ ಮೇಲೇರಿದಾಗ ಅತ್ತೆ ನನ್ನ ಮುಂಗೈ ಗಟ್ಟಿಯಾಗಿ ಹಿಡಿದು ಣಮೋಕಾರ ಮಂತ್ರ ಹೇಳುತ್ತಿದ್ದರು. ಮೋಡ ದಾಟಿದ ಮೇಲೆ ಹಿಡಿತ ಸಡಿಲಾಯಿತು. ಹೊರಗೆ ನೋಡಿದರು, ಬಹಳ ಹೊತ್ತು ನೋಡಿದರು. ಆಮೇಲೆ ನನ್ನ ಕಿವಿಯ ಹತ್ತಿರ ಬಾಗಿ, "ಪುಕ್ಕಟ ಅಂದ್ರೂ ಕಿಡಕಿ ಸೀಟ ಕೊಟ್ಟಾರ ನೋಡ. ಭಾಳ ಒಳ್ಳೇ ಮಂದಿ" ಎಂದರು.

ಕಿಟಕಿಯ ಸೀಟಿಗೆ ಬೇರೆ ದುಡ್ಡು ಕೊಟ್ಟಿದ್ದೆ. ಆಚೆ ಕುಳಿತ ಯಜಮಾನರು ಕೆಮ್ಮಿದರು.

"ಎಲ್ಲಾರಿಗೂ ಕೊಡಂಗಿಲ್ರಿ ಅತ್ತಿ, ಲೆಕ್ಕ ಬರೋರಿಗಷ್ಟ ಕೊಡ್ತಾರ" ಎಂದೆ.